ಯಾರೂ ಸಾಯದೆ ಕಡಲಿಗೆ ಹೋದದ್ದು

ನನ್ನ ಮಗಳು ಫೋನಿನಲ್ಲಿ ತೋರಿಸಿದ ವಿಡಿಯೊದಲ್ಲಿ ಯಾವುದೋ ಕೆರಿಬಿಯನ್ ದ್ವೀಪದ ಕಡಲತೀರವಿತ್ತು. ನೀಲಿ ನೀರು, ಬಿಳಿ ಮರಳು, ತೆಂಗಿನ ನೆರಳಿನಲ್ಲಿ ಬೀಡುಬಿಟ್ಟ ಒಂದು ಸಂಸಾರ. ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಹೊರಳಾಡುತ್ತಿದ್ದರು. ದಪ್ಪ ಅಜ್ಜಿಯೊಬ್ಬಳು ಹೂವಿನ ಅಂಗಿ ತೊಟ್ಟು, ಕಾಲು ನೀಡಿ, ಅಲೆಯಲ್ಲೇ ಕೂತು ಏನೋ ತಿನ್ನುತ್ತಿದ್ದಳು. ಕೊಂಬೈ ಊರಿನ ನಮ್ಮ ಮನೆಯ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವ್ವ ಕನ್ನಡಕ ಏರಿಸಿಕೊಂಡು ಅದನ್ನು ಪೂರ್ತಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಪಾಪ, ಅವ್ರ ಮನೇಲಿ ಯಾರು ಸತ್ತೋದ್ರು?"

ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಅವ್ವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಬೇರೂರಿದ ಕನ್ನಡದ ಒಕ್ಕಲು ಮನೆ. ಬೀದಿಗೆ ಬಂದರೆ ತಮಿಳು, ಹೊಸಿಲು ದಾಟಿ ಒಳಗೆ ಹೋದರೆ ನಮ್ಮದೇ ಮಾತು. ಈ ಕನ್ನಡ ಅಕ್ಷರ ನಾನು ಕಲಿತದ್ದು ಮದುವೆಯಾದ ಹೊಸತರಲ್ಲಿ ಹೊಸೂರಿನಲ್ಲಿದ್ದಾಗ, ಅಂಗಡಿಗಳ ಬೋರ್ಡು ಓದಿ ಓದಿ. ಈಗ ತೇನಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮವರಿಗೆ ನೀರೆಂದರೆ ಅಣೆಕಟ್ಟಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಸರದಿಯ ಪ್ರಕಾರ ಬರುವ ನೀರು. ಕಡಲೆಂದರೆ ಬೂದಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ವ್ಯಾನು ಮಾಡಿಕೊಂಡು ರಾಮೇಶ್ವರದ ಕಡೆ ಹೋಗುತ್ತೇವೆ. ಗಂಡಸರು ನೀರಿಗಿಳಿದು ಬೂದಿ ಬಿಡುತ್ತಾರೆ. ಹೆಂಗಸರು ಕಡಲಿಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುತ್ತಾರೆ. ಆಮೇಲೆ ತಲೆಗೆ ನೀರು ಹುಯ್ದುಕೊಂಡು, ತಿರುಗಿ ನೋಡದೆ, ಹೋಗಿ ಬರುತ್ತೇವೆ ಎಂದೂ ಹೇಳದೆ ವ್ಯಾನು ಹತ್ತಬೇಕು. ಅವ್ವ ಅತ್ತೆಗಾಗಿ ಹಾಗೆ ಹೋಗಿ ಬಂದವಳು, ಮಾವನಿಗಾಗಿ ಹೋಗಿ ಬಂದವಳು, ಕೊನೆಗೆ ನನ್ನ ಅಪ್ಪನಿಗಾಗಿ ಹೋಗಿ ಬಂದವಳು. ಕಡಲನ್ನು ಎದುರಿಗೆ ನಿಂತು ನೋಡಿದ್ದೇ ಇಲ್ಲ.

ಮುಂದಿನ ಸಲ ನಾನು ಊರಿಗೆ ಹೋದಾಗ ಅವ್ವನೇ ಮಾತು ತೆಗೆದಳು.

"ಆ ಮುದುಕಿ ಸುಮ್ನೆ ಓಗಿದ್ಲಾ ಕಡಲಿಗೆ? ಏನೂ ಇಲ್ದೆ?"

"ಸುಮ್ನೇ ಅವ್ವ. ಆಡೋಕೆ."

"ಅಂಗಾದ್ರೆ ನಾನೂ ಒಂದ್ ದಪ ಸುಮ್ನೆ ಓಗ್ಬೇಕು."

ಅವ್ವ ಬಾಯಿ ಬಿಟ್ಟು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಸೀರೆ ತಂದುಕೊಟ್ಟರೆ ನನಗೇಕೆ ಅನ್ನುವವಳು, ಹಣ್ಣು ತಂದರೆ ಮಕ್ಕಳಿಗೆ ಕೊಡು ಅನ್ನುವವಳು. ಅವಳು ಕೇಳಿದ್ದು ಕೊಳ್ಳಲಾಗದ್ದೇನೂ ಅಲ್ಲ, ಬರೀ ಒಂದು ದಿನದ ಕಡಲು. ಕರೆದುಕೊಂಡು ಹೋಗಿಯೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ. ಹಟ ನನಗೆ ಯಾರೂ ಕಲಿಸಬೇಕಾಗಿಲ್ಲ.

ಎದುರುಮನೆಯ ದೊಡ್ಡಪ್ಪನ ಕಿವಿಗೆ ಈ ಸುದ್ದಿ ಬೀಳಲು ಒಂದು ಹೊತ್ತೂ ಬೇಕಾಗಲಿಲ್ಲ. ಅಪ್ಪನ ಅಣ್ಣ, ವಂಶಕ್ಕೆ ಹಿರಿಯರು. ಮನೆಯ ಬೂದಿಮಡಕೆಗಳನ್ನೆಲ್ಲ ಹೆಗಲ ಮೇಲೆ ಹೊತ್ತು ನೀರಿಗಿಳಿದವರು ಅವರೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಸಂಜೆ ಬಂದು ಜಗಲಿಯ ಮೇಲೆ ಕೂತರು. ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿದಳು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸು ನಿಲ್ಲುವುದಿಲ್ಲ, ಅವರೊಡನೆ ನೇರವಾಗಿ ಮಾತಾಡುವುದಿಲ್ಲ. ಸೊಸೆಯಾಗಿ ಬಂದ ದಿನದಿಂದ ಅವ್ವ ಅವರಿಗೆ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ. ಏನಿದ್ದರೂ ನಡುವೆ ಒಬ್ಬರು ಬೇಕು. ಆ ಸಂಜೆ ನಡುವೆ ನಿಂತವನು ನನ್ನ ತಮ್ಮ.

"ನಿಮ್ಮವ್ವಂಗೆ ಯೋಳು ತಂಬಿ," ಅಂದರು ದೊಡ್ಡಪ್ಪ, ಅವ್ವನಿಗೆ ಚೆನ್ನಾಗಿ ಕೇಳುವ ಹಾಗೆ. "ಕಡಲಿಗೆ ಓಗೋಕೆ ಕಾರಣ ಬೇಕು. ಕಾರಣ ಇಲ್ದೆ ಓದ್ರೆ, ಅದೇ ಒಂದು ಕಾರಣ ಉಡುಕ್ಕೊಂಡು ಮನೆಗೆ ಬತ್ತದೆ. ಮನೇಲಿ ತುಂಬಿದ ಬಸುರಿ ಅವ್ಳೆ."

ಬಸುರಿ ಎಂದರೆ ತಮ್ಮನ ಹೆಂಡತಿ. ಎಂಟನೇ ತಿಂಗಳು. ತಾಯಿಯಿಲ್ಲದ ಹುಡುಗಿಯಾದ್ದರಿಂದ ಬಾಣಂತನವೂ ನಮ್ಮಲ್ಲೇ ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಬಾಗಿಲ ಹಿಂದಿನಿಂದ ಉತ್ತರ ಬಂತು. "ನಿಮ್ಮ ದೊಡ್ಡಪ್ಪಂಗೆ ಯೋಳಪ್ಪ. ಪಕ್ಕದ ಉತ್ತಮಪಾಳಯದಿಂದ ಇಲ್ಲಿಗೆ ಬರೋಕೆ ಬಸ್ಸಿಗೇ ಒತ್ತು ಗೊತ್ತು ಇಲ್ಲ. ಕಡಲು ಎಲ್ಲಿ ದಾರಿ ಉಡುಕ್ಕೊಂಡು ಬಂದಾತು."

ಕಿಸಕ್ಕನೆ ನಕ್ಕವಳು ನಾನು. ದೊಡ್ಡಪ್ಪ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

ತಮ್ಮ ಒಳ್ಳೆಯವನು, ಆದರೆ ಎಲ್ಲರಿಗೂ ಒಳ್ಳೆಯವನಾಗಬೇಕು ಅನ್ನುವ ಚಟ. ದೊಡ್ಡಪ್ಪ ಎದ್ದು ಹೋದ ಮೇಲೆ ಒಂದು ಉಪಾಯ ತಂದ. ಹೇಗೂ ಆ ಕಡೆಯೇ ರಾಮೇಶ್ವರ, ಮೊದಲು ಗುಡಿಗೆ ಹೋಗೋಣ, ಪೂಜೆ ಮಾಡಿಸೋಣ, ಪ್ರಸಾದ ತಂದು ದೊಡ್ಡಪ್ಪನ ಕೈಗೆ ಕೊಡೋಣ. ಕಡಲು ನೋಡಿದ್ದು ಅದರೊಳಗೇ ಸೇರಿಹೋಗುತ್ತದೆ. ನನಗೂ ಇದು ಸರಿ ಅನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅವ್ವ ಒಪ್ಪಲಿಲ್ಲ. "ಸ್ವಾಮಿನ ನೋಡೋಕೆ ಬೇರೆ ದಿನ ಓಗೋಣ. ಸ್ವಾಮಿ ಎಸ್ರು ಯೋಳ್ಕೊಂಡು ಕಡಲು ನೋಡೋದು ಬ್ಯಾಡ. ಸುಮ್ನೆ ಓಗೋದು ಅಂದ್ರೆ ಸುಮ್ನೇ ಓಗೋದು."

ಹೊರಟದ್ದು ಅಮಾವಾಸ್ಯೆಯಲ್ಲ, ಹಬ್ಬವಲ್ಲ, ಒಂದು ಬುಧವಾರ. ಬೆಳಗಿನ ಜಾವದಲ್ಲೇ ಅವ್ವ ಹುಳಿಯನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿದ್ದಳು. ಬಸುರಿ ನಾದಿನಿ ಬಾಗಿಲಿಗೆ ಬಂದು ನಿಂತು, "ಓಗ್ಬುಟ್ಟು ಬನ್ನಿ ಅತ್ತೆ. ಇವತ್ತೇ ಏನು ಎರಿಗೆ ಆಗೋತದಾ" ಅಂದಳು. ಅವಳ ಜೊತೆಗಿರಲು ದೊಡ್ಡವ್ವ ಬಂದಿದ್ದಳು. ದೊಡ್ಡಪ್ಪನ ಹೆಂಡತಿ, ಗಂಡನ ಮಾತಿಗೆ ಎದುರಾಡದವಳು, ಆದರೆ ಕರೆದರೆ ಬಾರದವಳಲ್ಲ. ಕಾರಿನಲ್ಲಿ ತಮ್ಮ, ಅವ್ವ, ನಾನು, ನನ್ನ ಮಗಳು. ಮಧುರೆ ದಾಟಿ, ರಾಮನಾಥಪುರ ದಾಟಿ, ಸರ್ವೆ ತೋಪಿನ ನಡುವಿನ ಒಂದು ತೀರಕ್ಕೆ ಹೋದೆವು. ಅಲೆಯ ಅಬ್ಬರವಿಲ್ಲದ ಕಡಲು, ಮಕ್ಕಳು ಮರಿ ಕರೆದುಕೊಂಡು ಹೋಗಬಹುದು ಎಂದು ನನ್ನ ಅಂಗಡಿಯ ಗಿರಾಕಿಯೊಬ್ಬಳು ಹೇಳಿದ್ದಳು. ನಿಜ. ನೀರು ತುಂಬಿದ ಕೆರೆಯ ಹಾಗೆ ಸುಮ್ಮನಿತ್ತು. ಉಯ್ಯಾಲೆ, ಐಸ್ ಗಾಡಿ, ಮಾವಿನಕಾಯಿ ಹೆಚ್ಚಿ ಮಾರುವವಳು, ನೀರಿನಲ್ಲಿ ಕಿರುಚುವ ಮಕ್ಕಳು, ಪ್ಯಾಂಟು ಮಡಚಿಕೊಂಡ ಅಪ್ಪಂದಿರು.

ಅಲ್ಲಿ ಇಳಿದು ನಾವು ಏನು ಮಾಡಿದೆವು ಎಂಬುದನ್ನು ಈಗ ನೆನೆದರೂ ನಾಚಿಕೆಯೂ ಆಗುತ್ತದೆ, ನಗುವೂ ಬರುತ್ತದೆ. ಚಪ್ಪಲಿಗಳನ್ನು ಕಾರಿನಲ್ಲೇ ಬಿಟ್ಟೆವು. ಊಟದ ಗಂಟನ್ನು ಬಿಚ್ಚದೆ ಮರದ ಬುಡದಲ್ಲಿಟ್ಟೆವು. ತಮ್ಮ ಅಂಗಿ ಬಿಚ್ಚಿ, ಟವೆಲನ್ನು ಸೊಂಟಕ್ಕೆ ಕಟ್ಟಿ, ನೀರಿನ ಅಂಚಿಗೆ ಹೋಗಿ ಕೈಕಟ್ಟಿ ನಿಂತ. ಅವ್ವ, ನಾನು, ನಮ್ಮನ್ನು ನೋಡಿ ನನ್ನ ಮಗಳು, ಮೂವರೂ ಕಡಲಿಗೆ ಬೆನ್ನು ಹಾಕಿ ಸಾಲಾಗಿ ನಿಂತೆವು. ಯಾರೂ ಯಾರಿಗೂ ಹೇಳಲಿಲ್ಲ. ಕಡಲತೀರಕ್ಕೆ ಬಂದರೆ ಹೀಗೆ ನಿಲ್ಲಬೇಕು ಎಂದು ಕಾಲಿಗೆ ಗೊತ್ತಿತ್ತು, ನಿಂತವು.

ತೋಪಿನ ಕಡೆಯಿಂದ ಹೆಗಲ ಮೇಲೆ ಪಂಚೆ, ಕೈಯಲ್ಲಿ ತಾಮ್ರದ ಚೊಂಬು ಹಿಡಿದ ಪುರೋಹಿತರೊಬ್ಬರು ನೇರ ನಮ್ಮ ಬಳಿಗೆ ಬಂದರು. ಅಷ್ಟು ಜನರ ನಡುವೆ ನಮ್ಮನ್ನೇ ಆರಿಸಿಕೊಂಡು ಬಂದರು. "ತಿದಿ ಕುಡುಕ್ಕಣುಮಾಮ್ಮಾ? ಯಾರುಕ್ಕು?" ಎಂದು ತಮಿಳಿನಲ್ಲಿ, ಸಾವಿನ ಮನೆಯವರೊಡನೆ ಆಡುವ ಮೆತ್ತನೆ ದನಿಯಲ್ಲಿ ಕೇಳಿದರು. ತಿಥಿ ಕೊಡಬೇಕೇನಮ್ಮ, ಯಾರಿಗೆ?

ಅವ್ವ ಬೆಚ್ಚಿಬಿದ್ದಳು. ನಾವು ನಿಂತ ಭಂಗಿಯನ್ನು ಆಗಲೇ ನೋಡಿಕೊಂಡದ್ದು. ನನ್ನನ್ನು ನೋಡಿದಳು, ಕೈಕಟ್ಟಿ ನಿಂತ ಮಗನನ್ನು ನೋಡಿದಳು. ಆಮೇಲೆ ಅವಳೂ ತಮಿಳಿನಲ್ಲೇ, "ಯಾರುಂ ಸಾಗಲೆ ಸಾಮಿ. ಸುಮ್ಮಾ ವಂದೋಂ" ಅಂದಳು. ಯಾರೂ ಸತ್ತಿಲ್ಲ ಸ್ವಾಮಿ, ಸುಮ್ಮನೆ ಬಂದಿದ್ದೇವೆ. ಹಾಗೆ ಹೇಳಿ ಕಡಲಿನ ಕಡೆಗೆ ತಿರುಗಿದಳು.

ಅವಳ ಕಣ್ಣಲ್ಲಿ ನೀರು ಬರಬಹುದೆಂದು ಕಾದೆ. ಬರಲಿಲ್ಲ. ಗದ್ದೆ ಕೊಳ್ಳಲು ಹೋದವರು ಮೊದಲ ಸಲ ಮಣ್ಣು ನೋಡುವ ಹಾಗೆ ಹುಬ್ಬು ಗಂಟಿಕ್ಕಿ ಈ ತುದಿಯಿಂದ ಆ ತುದಿಗೆ ನೋಡಿದಳು. "ಇಷ್ಟು ನೀರು. ಒಬ್ಬ ಕಾವಲುಗಾರನೂ ಇಲ್ಲ. ಯಾರಿಗೂ ಸರದಿ ಇಲ್ಲ" ಅಂದಳು. ನಮ್ಮ ಕಣಿವೆಯಲ್ಲಿ ನೀರಿನ ಸರದಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಗುದ್ದಲಿ ಎತ್ತಿದ್ದಾರೆ. ಅವ್ವನಿಗೆ ಕಡಲಿನ ಮೇಲೆ ಸ್ವಲ್ಪ ಕೋಪವೇ ಬಂದ ಹಾಗಿತ್ತು.

ಆಮೇಲೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು, ನಾಟಿಗೆ ಇಳಿಯುವ ಹಾಗೆ. ಅಲೆ ಕಾಲಿಗೆ ಬಡಿದಾಗ ಹಾ ಎಂದಳು. ಕೂತಳು. ಅತ್ತಿತ್ತ ಮಕ್ಕಳು ಮರಳಿನಲ್ಲಿ ಕೋಟೆ ಕಟ್ಟುತ್ತಿದ್ದರು. ನನ್ನ ಮಗಳೂ ಕಟ್ಟಲು ಹೊರಟಾಗ ಅವ್ವ, "ಕೋಟೆ ಯಾಕೆ? ಯಾವ ರಾಜ ಅವ್ನೆ ಇಲ್ಲಿ?" ಎಂದು ಅಂಗೈಯಿಂದ ಮರಳು ಒತ್ತರಿಸಿ ಬದು ಹಾಕಿದಳು. ಒಂದು ಗದ್ದೆ, ಅದರ ಪಕ್ಕ ಇನ್ನೊಂದು, ನಡುವೆ ನೀರು ಹಾಯುವ ಬಾಯಿ. ಅಲೆ ಬಂದು ಮೊದಲ ಗದ್ದೆ ತುಂಬಿದಾಗ ಬೆರಳಿನಿಂದ ಬಾಯಿ ಕೆತ್ತಿ ಎರಡನೆಯದಕ್ಕೆ ನೀರು ಬಿಟ್ಟಳು. ದೊಡ್ಡ ಅಲೆಯೊಂದು ಬಂದು ಎಲ್ಲವನ್ನೂ ಅಳಿಸಿತು. ಅವ್ವ ಒದ್ದೆಯಾಗಿ, ಮೂಗಿನಿಂದ ಉಪ್ಪುನೀರು ಸುರಿಸುತ್ತಾ, ನಕ್ಕಳು. ಅಪ್ಪ ಹೋದ ಮೇಲೆ ಆ ನಗುವನ್ನು ನಾನು ಕೇಳಿರಲಿಲ್ಲ. ಮತ್ತೆ ಬದು ಹಾಕಿದಳು. ಐಸ್ ತಿಂದಳು. ಮಾವಿನಕಾಯಿಗೆ ಖಾರ ಸಾಲದು ಎಂದು ಮಾರುವವಳೊಡನೆ ಜಗಳವಾಡಿದಳು. ಹೊರಡುವಾಗ ಕಡಲಿಗೆ, "ಬತ್ತೀನಿ" ಎಂದು ಕೇಳಿಸುವ ಹಾಗೆ ಹೇಳಿಯೇ ಕಾರು ಹತ್ತಿದಳು.

ನನ್ನ ಮಗಳು ಅಷ್ಟರಲ್ಲಿ ಅಜ್ಜಿ ನೀರಿನಲ್ಲಿ ಕೂತ ಫೋಟೊವನ್ನು ನೆಂಟರ ಗುಂಪಿಗೆ ಕಳಿಸಿಬಿಟ್ಟಿದ್ದಳು.

ಮಾನಾಮಧುರೆಯ ಹತ್ತಿರ ಟೀ ಕುಡಿಯುತ್ತಿದ್ದಾಗ ತಮ್ಮನ ಫೋನಿಗೆ ಊರಿನಿಂದ ಕರೆ ಬಂತು. ನಾದಿನಿಗೆ ತಲೆ ಸಿಡಿತ, ಕಣ್ಣು ಮಂಜು. ತೇನಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನಾವು ತಲುಪುವ ಹೊತ್ತಿಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಯುವಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಏನನ್ನೂ ಈಗಲೇ ಹೇಳಲಾಗದು ಎಂದರು.

ಡಾಕ್ಟರಮ್ಮ ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ರಕ್ತದೊತ್ತಡ ಕೆಲವು ವಾರಗಳಿಂದ ಏರುತ್ತಲೇ ಇದ್ದಿರಬೇಕು, ಕಾಲು ಊದಿದ್ದು ಅದಕ್ಕೇ. ನಾವೆಲ್ಲ ಬಸುರಿಯ ಕಾಲು ಊದುವುದು ಸಹಜ ಅಂದುಕೊಂಡಿದ್ದೆವು. ತಪ್ಪೆಂದರೆ ಅದು, ಅದರಲ್ಲಿ ಎಲ್ಲರಿಗೂ ಪಾಲಿತ್ತು.

ಹೊರಗೆ ಪಡಸಾಲೆಯಲ್ಲಿ ನೆಂಟರು ತುಂಬಿದ್ದರು. ಅವ್ವ ಬೆಂಚಿನ ತುದಿಯಲ್ಲಿ ಕೂತಿದ್ದಳು, ಸೀರೆಯ ಅಂಚಿನಲ್ಲಿ ಇನ್ನೂ ಮರಳು. ದೊಡ್ಡಪ್ಪ ನನ್ನ ಕಡೆ ತಿರುಗಿದರು. ಅವರ ಕಣ್ಣು ಕೆಂಪಗಿತ್ತು, ಅತ್ತಿದ್ದರು.

"ನಿಮ್ಮವ್ವಂಗೆ ಯೋಳು. ಕುಲದೇವ್ರ ಗುಡಿಗೆ ಓಗಿ, ಅರಿಸಿಣದ ಬಟ್ಟೇಲಿ ತಪ್ಪುಕಾಣಿಕೆ ಕಟ್ಟಿ, ನಾನು ಮಾಡಿದ್ದು ತಪ್ಪು ಅಂತ ಬಿದ್ದು ಯೋಳ್ಲಿ. ಅಲ್ಲೀಗಂಟ ಮಗೀನ ಮುಟ್ಟೋದು ಬ್ಯಾಡ."

ನಾನು ಉರಿದುಹೋದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಬೇಡಿ, ಒಳಗೆ ಡಾಕ್ಟರಿದ್ದಾರೆ, ಹೋಗಿ ಕೇಳಿ ಎಂದು ಕೂಗಾಡಿದೆ. ನರ್ಸ್ ಬಂದು ಗದರಿಸಿದಳು. ನನ್ನ ಕೂಗಿಗೆ ಯಾರೂ ಬೆಲೆ ಕೊಡಲಿಲ್ಲ, ನಾನು ಜಗಳಗಂಟಿ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ತಮ್ಮನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. ಆಗ ನಿಜವಾಗಿ ಹೆದರಿಕೆಯಾಯಿತು. ಮಗ ಒಂದು ಮಾತು ಹೇಳಿದರೆ ಅವ್ವ ಹೋಗಿ ಆ ಬಟ್ಟೆ ಕಟ್ಟಿಬಿಡುತ್ತಾಳೆ. ಕಟ್ಟಿದರೆ ಆ ನಗು ತಪ್ಪಾಗಿಬಿಡುತ್ತದೆ, ಆ ಬುಧವಾರ ತಪ್ಪಾಗಿಬಿಡುತ್ತದೆ, ಮಗು ಬದುಕಲಿ ಬಿಡಲಿ ಅವ್ವ ಜೀವಮಾನವೆಲ್ಲ ತಪ್ಪಿತಸ್ಥಳಾಗಿ ಓಡಾಡಬೇಕು.

ಅವ್ವ ನನ್ನ ಕೈ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕೇಳಿದಳು: "ನೀನು ಓದ್ದವ್ಳು. ದಿಟವಾಗಿ ಯೋಳು. ನನ್ನಿಂದ್ಲಾ?"

"ಇಲ್ಲ ಅವ್ವ."

"ನನ್ನ ಸಮಾಧಾನಕ್ಕೆ ಯೋಳ್ಬ್ಯಾಡ."

"ಇಲ್ಲ. ನಿನ್ನಿಂದಲ್ಲ. ನಾವು ಇಲ್ಲೇ ಇದ್ದಿದ್ರೂ ಇವತ್ತೇ ಆಗ್ತಿತ್ತು."

ಮುಖ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡಳು, ಆದರೆ ಆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ನೇರ ಪಡಸಾಲೆಗೆ ಬಂದು ದೊಡ್ಡಪ್ಪನ ಎದುರು ನಿಂತಳು. ನಡುವೆ ನಾನಿರಲಿಲ್ಲ, ತಮ್ಮನಿರಲಿಲ್ಲ, ಬಾಗಿಲೂ ಇರಲಿಲ್ಲ.

"ಬಾವ," ಅಂದಳು. "ತಪ್ಪು ಮಾಡಿದ್ರೆ ಕಾಣಿಕೆ ಕಟ್ತಿದ್ದೆ. ಮಾಡಿಲ್ಲ. ದೇವ್ರಿಗೆ ಸುಳ್ಳು ಕಾಣಿಕೆ ಕಟ್ಟಲ್ಲ."

ದೊಡ್ಡಪ್ಪ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ನಿಮ್ಮವ್ವಂಗೆ ಯೋಳು" ಎಂದು ಶುರುಮಾಡಿ, ಅಲ್ಲಿಗೇ ಬಿಟ್ಟರು. ನೆಂಟರಲ್ಲಿ ಯಾರೋ ಕೆಮ್ಮಿದರು. ಅವ್ವ ಹೋಗಿ ಬೆಂಚಿನ ಮೇಲೆ, ಈ ಸಲ ನಡುವಿನಲ್ಲಿ, ಕೂತಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ವಾರಗಳಲ್ಲಿ ಅವ್ವ ಆಸ್ಪತ್ರೆ ಬಿಟ್ಟು ಅಲುಗಲಿಲ್ಲ. ಸೊಸೆಯ ಬಟ್ಟೆ ಒಗೆದಳು, ನನ್ನ ಮನೆಯಿಂದ ಗಂಜಿ ಹೊತ್ತು ತಂದಳು. ಆದರೆ ಮಗುವನ್ನು ಮಾತ್ರ ಗಾಜಿನ ಹೊರಗಿನಿಂದಲೇ ನೋಡುತ್ತಿದ್ದಳು. ಒಳಗೆ ಹೋಗಲು ನರ್ಸ್ ಕರೆದರೆ ಕೈ ತೊಳೆದಿಲ್ಲ ಅನ್ನುವಳು, ನೆಗಡಿ ಅನ್ನುವಳು. ಬಾಯಿ ಗಟ್ಟಿಯಾಗಿತ್ತು, ಕೈ ಹೆದರಿತ್ತು. ನನಗೆ ಅದನ್ನು ಕಂಡು ಸಿಟ್ಟು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಮಗು ಗೆದ್ದಿತು. ಸ್ವಲ್ಪ ಸ್ವಲ್ಪವೇ ತೂಕ ಕಟ್ಟಿಕೊಂಡು, ಪೆಟ್ಟಿಗೆಯಿಂದ ಹೊರಬಂದು ತಾಯಿಯ ಮಗ್ಗುಲಿಗೆ ಬಂತು. ಆಗ ಸೇನೆಯ ಮಾತು ಎದ್ದಿತು. ಹುಟ್ಟಿದ ಮಗುವಿನ ನಾಲಿಗೆಗೆ ಮೊದಲ ತೊಟ್ಟು ಸಿಹಿಯನ್ನು ಮನೆಯ ಒಬ್ಬ ಹಿರಿಯರು ಮುಟ್ಟಿಸುವುದಕ್ಕೆ ನಮ್ಮ ಕಡೆ ಸೇನೆ ಎನ್ನುತ್ತಾರೆ. ಯಾರು ಮುಟ್ಟಿಸುತ್ತಾರೋ ಅವರ ಗುಣ ಮಗುವಿಗೆ ಬರುತ್ತದೆ ಎಂದು ನಂಬಿಕೆ. ಅದಕ್ಕೇ ಈ ವಿಷಯದಲ್ಲಿ ಮನೆಮನೆಯಲ್ಲೂ ಜಗಳ. ಪೆಟ್ಟಿಗೆಯಲ್ಲಿದ್ದ ಮಗುವಿಗೆ ಅದು ಆಗಿರಲಿಲ್ಲ. ಜೇನು, ಸಕ್ಕರೆ ಏನೂ ಕೂಡದು, ತಾಯಿಹಾಲು ಮಾತ್ರ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. ಆಗಲಿ, ತಾಯಿಹಾಲನ್ನೇ ಒಳಲೆಯಲ್ಲಿ ಹುಯ್ದು ಕುಡಿಸಿದರೆ ಅದೇ ಸೇನೆ ಎಂದಾಯಿತು. ದೊಡ್ಡವ್ವ ಕುಡಿಸಲಿ ಎಂದು ದೊಡ್ಡಪ್ಪ ತೀರ್ಮಾನಿಸಿದ್ದರು. ತಮ್ಮ ಹೂಂ ಅಂದಿದ್ದ.

ದೊಡ್ಡವ್ವ ತಲೆಗೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಬೆಳ್ಳಿಯ ಒಳಲೆ ಹಿಡಿದು ವಾರ್ಡಿಗೆ ಬಂದಳು. ಗಂಡಸರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ದೊಡ್ಡಪ್ಪ ಬಾಗಿಲ ಹೊರಗೆ ನಿಂತರು. ಅವ್ವ ಕಿಟಕಿಯ ಬಳಿ, ಒಗೆದ ಬಟ್ಟೆ ಮಡಚುವ ನೆಪದಲ್ಲಿ ಗೋಡೆಗೆ ಅಂಟಿಕೊಂಡಿದ್ದಳು. ನಾದಿನಿ ಒಳಲೆಗೆ ಹಾಲು ಹಿಂಡಿಕೊಟ್ಟಳು. ದೊಡ್ಡವ್ವ ಮಗುವಿನ ಮೇಲೆ ಬಗ್ಗುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ನೀವ್ ಬ್ಯಾಡ ದೊಡ್ಡತ್ತೆ. ನಮ್ಮತ್ತೆ ಕುಡಿಸ್ಲಿ."

ಅವ್ವ ಬಟ್ಟೆ ಮಡಚುತ್ತಲೇ, "ನಾನ್ ಬ್ಯಾಡ ಕಂದ. ಯಾಕೆ ಸುಮ್ನೆ" ಅಂದಳು.

"ಅತ್ತೆ, ಬನ್ನಿ. ನಾನು ಉಟ್ಟಿದಾಗ್ನಿಂದ ಎಲ್ಲಕ್ಕೂ ಬಯಪಟ್ಕೊಂಡೇ ಬೆಳೆದವ್ಳು. ಅವತ್ತು ತಲೆ ನೋಯ್ತಿದ್ದದ್ದು ಯೋಳೋಕೂ ಬಯ ನಂಗೆ, ನಿಮ್ಮ ದಾರಿ ಕೆಡ್ತದೆ ಅಂತ. ಇವ್ಳು ನನ್ನಂಗೆ ಆಗೋದು ಬ್ಯಾಡ."

ದೊಡ್ಡವ್ವ ಎದ್ದು, ಹಾಲು ಚೆಲ್ಲದ ಹಾಗೆ ಎರಡು ಹೆಜ್ಜೆ ನಡೆದು, ಒಳಲೆಯನ್ನು ಅವ್ವನ ಕೈಗಿಟ್ಟಳು. ಅವ್ವ ಮಂಚದ ಮೇಲೆ ಕೂತು, ಮಗುವಿನ ತಲೆಯನ್ನು ಮೊದಲ ಸಲ ಅಂಗೈಗೆ ತೆಗೆದುಕೊಂಡು, ಒಳಲೆಯ ಮೂತಿಯನ್ನು ತುಟಿಗೆ ಹಚ್ಚಿದಳು. ಮಗು ಒಂದು ಗುಟುಕು ನುಂಗಿತು, ಒಂದು ಗುಟುಕು ಉಗಿಯಿತು, ಮತ್ತೆ ಬಾಯಿ ತೆರೆಯಿತು.

ಬಾಗಿಲ ಹೊರಗಿನಿಂದ ದೊಡ್ಡಪ್ಪನ ದನಿ ಕೇಳಿತು. "ಆಯ್ತಾ? ಸೇನೆ ಯಾರಿಟ್ಟದ್ದು?"

ದೊಡ್ಡವ್ವ ಬಾಗಿಲ ಕಡೆ ತಿರುಗಿದಳು. ನಾನು ಬಾಯಿ ತೆರೆದೆ. ನಮ್ಮಿಬ್ಬರಿಗೂ ಮೊದಲೇ ನಾದಿನಿ, ದನಿ ತಗ್ಗಿಸದೆ, ಹಾಸಿಗೆಯಿಂದಲೇ ಹೇಳಿದಳು:

"ಸುಮ್ನೆ ಕಡಲಿಗೆ ಓಗಿದ್ರಲ್ಲ ಮಾವ, ಅವ್ರು."